ಗಾಳಿಗೆ ಸಿಕ್ಕ ಗಾಲಿಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಗಾಲಿಗಳ ಮೇಲಿಟ್ಟು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡಿಸಿ ನೋಡು ಎಂದು ಅವರು ಹೇಳಲಿಲ್ಲ. ಅಂಥ ಮನೆ ಅವರ ಕಾಲದಲ್ಲಿ ಇರಲಿಲ್ಲ. ಈಗ ಇದೆ. ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳ ಹೆದ್ದಾರಿಗಳಲ್ಲಿ ಅದು ಸಾಮಾನ್ಯ ನೋಟ. ಸರಕು ಸಾಗಿಸುವ ಒಂದು ವ್ಯಾನು. ಅದರ ಹೊಟ್ಟೆಯೊಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಕಪಾಟು. ಒಳಗೆ ಮನುಷ್ಯ ನೆಟ್ಟಗೆ ನಿಲ್ಲಬೇಕೆಂಬ ಕಾರಣಕ್ಕೆ ಎತ್ತರಿಸಿದ ಚಾವಣಿ. ಇದಕ್ಕೆ ಕ್ಯಾಂಪರ್ ವ್ಯಾನು ಎಂದು ಹೆಸರು. ಬ್ರಿಸ್ಟಲ್ ನಗರದಲ್ಲಿ ಉದ್ಯೋಗದ ನಿಮಿತ್ತ ನೆಲೆಸಿದ್ದ ವರ್ಷಗಳಲ್ಲಿ ಹಳೆಯದೊಂದನ್ನು ನಾನೂ ಇಟ್ಟುಕೊಂಡಿದ್ದೆ. ಗಾಳಿ ಬೀಸಿದಾಗ ಈ ಮನೆ ಏಕೆ ದಾರಿ ತಪ್ಪುತ್ತದೆ, ತಪ್ಪದಂತೆ ಮಾಡುವುದು ಹೇಗೆ ಎಂಬುದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಪುಸ್ತಕಗಳನ್ನು ಹೊತ್ತು ಕಲಿತೆ. ಆ ಸಂಗತಿಯನ್ನೇ ಮೊದಲು ನಿವೇದಿಸುತ್ತೇನೆ.

ವೇಲ್ಸ್ ಪ್ರಾಂತದ ಸ್ವಾನ್ಸಿ ಪಟ್ಟಣದಲ್ಲಿ ನನ್ನ ಮಿತ್ರರಾದ ಕನ್ನಡದ ವೈದ್ಯರೊಬ್ಬರಿದ್ದರು. 2016ರಲ್ಲಿ ತೀರಿಕೊಂಡರು. ಮೂವತ್ತು ವರ್ಷಗಳಲ್ಲಿ ಪ್ರತಿಸಲ ಊರಿಗೆ ಹೋದಾಗಲೂ ಬಟ್ಟೆಬರೆ ಬಿಟ್ಟು ಪುಸ್ತಕ ತುಂಬಿಕೊಂಡು ಬಂದವರು. ಅವರ ಪತ್ನಿ ನನಗೆ ದೂರವಾಣಿ ಮಾಡಿ, “ಅಣ್ಣಾ, ನಾನು ಮಗನ ಹತ್ತಿರ ಹೋಗ್ತಾ ಇದೀನಿ. ಇವರ ಪುಸ್ತಕಗಳನ್ನ ರದ್ದಿಗೆ ಹಾಕೋದಕ್ಕೆ ನನ್ನ ಕೈಲಿ ಆಗೋದಿಲ್ಲ. ನೀವು ತಗೊಂಡು ಹೋಗಿ” ಎಂದರು. ಆ ನವೆಂಬರಿನ ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಹೋಗಿ ಪುಸ್ತಕಗಳನ್ನು ಎಂಟು ಪೆಟ್ಟಿಗೆಗಳಲ್ಲಿ ತುಂಬಿದೆವು. ಒಂದೊಂದು ಪೆಟ್ಟಿಗೆಯೂ 25 ಕಿಲೋ ತೂಗುತ್ತಿತ್ತು. ವ್ಯಾನಿನ ಹಿಂಬಾಗಿಲ ಬಳಿ, ಮಂಚದ ಕೆಳಗಿನ ಉಗ್ರಾಣದಲ್ಲಿ ಅವು ಅಚ್ಚುಕಟ್ಟಾಗಿ ಕುಳಿತವು. ಉಳಿದ ಪತ್ರಿಕೆಗಳ ಕಟ್ಟುಗಳನ್ನು ಚಾವಣಿಗೆ ಹತ್ತಿದ ಮೇಲುಗಪಾಟುಗಳಲ್ಲಿ ಇಟ್ಟೆವು. ಜಾಗ ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಭಾರ ಎಲ್ಲಿ ಕುಳಿತಿತೆಂಬುದನ್ನು ನಾನು ಯೋಚಿಸಲಿಲ್ಲ.

ಸ್ವಾನ್ಸಿಯಿಂದ ಪೂರ್ವಕ್ಕೆ ಹೊರಟರೆ ನೀತ್ ನದಿಯ ಮೇಲೆ ಹೆದ್ದಾರಿಯ ಬ್ರಿಟನ್ ಫೆರಿ ಸೇತುವೆ ಸಿಗುತ್ತದೆ. 1993ರಲ್ಲಿ ಸಂಚಾರಕ್ಕೆ ತೆರೆದದ್ದು. ನದಿ ಸಮುದ್ರವನ್ನು ಸೇರುವ ಕಡೆ, ಬಹಳ ಎತ್ತರದಲ್ಲಿದೆ. ಸೇತುವೆಯ ಮೇಲೆ ಬರುತ್ತಲೇ ಬಲಗಡೆಯಿಂದ, ಎಂದರೆ ಕಡಲ ಕಡೆಯಿಂದ, ಗಾಳಿಯ ಒಂದು ಬೀಸು ಬಂದು ವ್ಯಾನಿನ ಗೋಡೆಗೆ ಬಡಿಯಿತು. ಮೂತಿ ಎಡಕ್ಕೆ ಹೊರಳಿತು. ನಾನು ಗಾಬರಿಯಿಂದ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದೆ. ಕ್ಷಣಕಾಲ ಏನೂ ಆಗಲಿಲ್ಲ. ಮತ್ತೂ ತಿರುಗಿಸಿದೆ. ಅಷ್ಟರಲ್ಲಿ ಬೀಸು ನಿಂತುಹೋಯಿತು. ತಡವಾಗಿ ಎಚ್ಚೆತ್ತ ವ್ಯಾನು ಬಲಕ್ಕೆ ನುಗ್ಗಿ ಪಕ್ಕದ ಸಾಲಿಗೆ ಹೊಕ್ಕಿತು. ಆ ಸಾಲಿನಲ್ಲಿ ಒಂದು ಲಾರಿ ಬರುತ್ತಿತ್ತು. ಅದರ ಚಾಲಕ ಹಾರ್ನ್ ಹಾಕಿ ಬ್ರೇಕು ಒತ್ತಿದ್ದರಿಂದ ನಾನಿಂದು ನಿಮ್ಮೆದುರು ಮಾತನಾಡುತ್ತಿದ್ದೇನೆ. ನನ್ನ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ. ಮೇಲುಗಪಾಟಿನ ಬಾಗಿಲು ತೆರೆದುಕೊಂಡು ವಾರಪತ್ರಿಕೆಗಳ ಒಂದು ಕಟ್ಟು ದೊಪ್ಪನೆ ನೆಲಕ್ಕೆ ಬಿದ್ದ ಸದ್ದು ಮಾತ್ರ ಈಗಲೂ ನನ್ನ ಕಿವಿಯಲ್ಲಿದೆ.

ಗಾಳಿ ಮಾಡಿದ್ದೇನು, ನಾನು ಮಾಡಿದ್ದೇನು ಎಂಬುದನ್ನು ಈಗ ಬೇರೆಬೇರೆಯಾಗಿ ನೋಡೋಣ.

ಚಲಿಸುವ ಗಾಳಿ ತನಗೆ ಅಡ್ಡವಾದದ್ದನ್ನು ನೂಕುತ್ತದೆ. ಸೆಕೆಂಡಿಗೆ 10 ಮೀಟರು ವೇಗದ ಗಾಳಿ ಒಂದು ಚದರ ಮೀಟರು ಗೋಡೆಯನ್ನು ಸುಮಾರು 6 ಕಿಲೋ ಭಾರದಷ್ಟು ಬಲದಿಂದ ಒತ್ತುತ್ತದೆ. ವೇಗ 20 ಮೀಟರಾದರೆ ಒತ್ತಡ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: 24 ಕಿಲೋ. 30 ಮೀಟರಾದರೆ ಒಂಬತ್ತು ಪಟ್ಟು: ಸುಮಾರು 55 ಕಿಲೋ. ನನ್ನ ವ್ಯಾನಿನ ಗೋಡೆ 6 ಮೀಟರು ಉದ್ದ, 2.4 ಮೀಟರು ಎತ್ತರ, ಎಂದರೆ ಸುಮಾರು 14 ಚದರ ಮೀಟರು. ಸೆಕೆಂಡಿಗೆ 20 ಮೀಟರು, ಎಂದರೆ ಗಂಟೆಗೆ 72 ಕಿಲೋಮೀಟರು ವೇಗದ ಗಾಳಿ, ನಾವಿಕರು ಬಳಸುವ ಬ್ಯೂಫರ್ಟ್ ಮಾನದಲ್ಲಿ ಎಂಟನೆಯ ಮೆಟ್ಟಿಲು. ಮರದ ಎಳೆಗೊಂಬೆಗಳು ಮುರಿದು ಬೀಳುವ ಗಾಳಿ. ಅದು ಆ ಗೋಡೆಗೆ ಹೊಡೆದರೆ ಬೀಳುವ ಬಲ 330 ಕಿಲೋಗೂ ಮಿಗಿಲು. ಹತ್ತು ಮಂದಿ ಗಟ್ಟಿ ಆಳುಗಳು ಒಮ್ಮೆಗೇ ಹೆಗಲು ಕೊಟ್ಟು ನೂಕಿದಂತೆ.

ಹಾಗಾದರೆ ಮನೆ ಮಗುಚುವುದಿಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಬೇರೆ ಹೇಳುತ್ತದೆ. ಆ ಬಲ ನೆಲದಿಂದ ಸುಮಾರು 1.6 ಮೀಟರು ಎತ್ತರದಲ್ಲಿ ಕೆಲಸ ಮಾಡುತ್ತದೆನ್ನೋಣ. ಮಗುಚುವ ಪ್ರಯತ್ನ 540ರಷ್ಟಾದರೆ, 3500 ಕಿಲೋ ತೂಕದ ವ್ಯಾನು ತನ್ನ ಚಕ್ರಗಳ ಅರ್ಧ ಅಗಲದ, ಎಂದರೆ 90 ಸೆಂಟಿಮೀಟರಿನ ಆಸರೆಯಿಂದ ತೋರುವ ಪ್ರತಿರೋಧ 3150ರಷ್ಟು. ಸುಮಾರು ಆರು ಪಟ್ಟು. ಬಿರುಗಾಳಿಯ ಬೀಸಿನಲ್ಲಿ ಈ ಅಂತರ ಬೇಗ ಕರಗುತ್ತದೆ. ಸರಕಿಲ್ಲದ ಎತ್ತರದ ಲಾರಿಗಳು ಮಗುಚಿಬೀಳುವುದು ಅದಕ್ಕೇ. ಆದರೆ ದಿನನಿತ್ಯದ ಗಾಳಿಯಲ್ಲಿ ಕ್ಯಾಂಪರ್ ವ್ಯಾನಿಗೆ ಇರುವ ಅಪಾಯ ಬೀಳುವುದಲ್ಲ, ತಿರುಗುವುದು.

ಏಕೆ ತಿರುಗುತ್ತದೆ? ಇಲ್ಲಿ ಎರಡು ಕೇಂದ್ರಗಳಿವೆ. ವಾಹನದ ತೂಕವೆಲ್ಲ ಒಂದೆಡೆ ಸೇರಿದಂತೆ ವರ್ತಿಸುವ ತಾಣ ಗುರುತ್ವಕೇಂದ್ರ. ಗಾಳಿಯ ನೂಕು ಒಂದೆಡೆ ಸೇರಿದಂತೆ ವರ್ತಿಸುವ ತಾಣ ಒತ್ತಡಕೇಂದ್ರ. ಇವೆರಡೂ ಒಂದೇ ಕಡೆ ಇದ್ದರೆ ವ್ಯಾನು ಇದ್ದಂತೆಯೇ ಪಕ್ಕಕ್ಕೆ ಸರಿದೀತು. ಒತ್ತಡಕೇಂದ್ರ ಹಿಂದಿದ್ದರೆ ಮೂತಿ ಗಾಳಿಯ ಕಡೆಗೇ ತಿರುಗೀತು. ಬಾಣದ ಗರಿ ಬಾಲದಲ್ಲಿರುವುದೂ, ಗಾಳಿಪಟಕ್ಕೆ ಮಕ್ಕಳು ಬಾಲಂಗೋಚಿ ಕಟ್ಟುವುದೂ ಇದೇ ತತ್ತ್ವದಿಂದ. ಆದರೆ ಓಡುವ ವ್ಯಾನಿಗೆ ಗಾಳಿ ನೇರ ಪಕ್ಕದಿಂದ ತಾಗುವುದಿಲ್ಲ. ಅದರ ಓಟದ ಎದುರುಗಾಳಿಯೂ ಬೀಸುವ ಅಡ್ಡಗಾಳಿಯೂ ಕೂಡಿ ಓರೆಯಾಗಿ ಮುಂಭಾಗದಿಂದ ಬರುತ್ತವೆ. ಹಾಗೆ ಬಂದ ಗಾಳಿ ಮೂತಿಯನ್ನು ಬಳಸಿ ಆಚೆ ಬದಿಗೆ ಹರಿಯುವಾಗ ಅಲ್ಲಿ ಒಂದು ಸೆಳೆತವನ್ನೂ ಹುಟ್ಟಿಸುತ್ತದೆ. ಈಚೆಯಿಂದ ನೂಕು, ಆಚೆಯಿಂದ ಸೆಳೆತ. ಎರಡೂ ಮೂತಿಯ ಬಳಿಯೇ. ಆದ್ದರಿಂದ ಒತ್ತಡಕೇಂದ್ರ ಗುರುತ್ವಕೇಂದ್ರಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಕ್ಯಾಂಪರ್ ವ್ಯಾನು ಗರಿಯನ್ನು ಮುಂದೆ ಕಟ್ಟಿ ಬಿಟ್ಟ ಬಾಣ. ಗಾಳಿ ಬಂದರೆ ಅದು ಗಾಳಿಗೆ ಬೆನ್ನು ತಿರುಗಿಸಲು ನೋಡುತ್ತದೆ.

ಈ ಬಗೆಯ ವಾಹನಗಳ ಮೂಲಪುರುಷನೆಂದು ಹೇಳಬಹುದಾದ ಫೋಕ್ಸ್‌ವ್ಯಾಗನ್ ವ್ಯಾನಿನ ಕಥೆ ಇಲ್ಲಿ ಉಪಯುಕ್ತ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪೆಟ್ಟಿಗೆಯ ಚಿತ್ರ ಗೀಚಿದ: ಚಾಲಕ ಮುಂತುದಿಯಲ್ಲಿ, ಎಂಜಿನ್ನು ಹಿಂತುದಿಯಲ್ಲಿ, ನಡುವೆ ಸರಕು. ಅದರ ಮಾದರಿಯನ್ನು ಜರ್ಮನಿಯ ಬ್ರೌನ್‌ಷ್ವೈಗ್ ನಗರದ ತಾಂತ್ರಿಕ ವಿದ್ಯಾಲಯದ ಗಾಳಿಸುರಂಗದಲ್ಲಿ ಇಟ್ಟು ನೋಡಿದಾಗ ಚಪ್ಪಟೆ ಮೂತಿಗೆ ಎದುರುಗಾಳಿಯ ತಡೆ ವಿಪರೀತವೆಂದು ತಿಳಿಯಿತು. ಮೂತಿಯನ್ನು ದುಂಡಗೆ ಮಾಡಿದರು. ತಡೆಯ ಗುಣಾಂಕ 0.75ರಿಂದ 0.44ಕ್ಕೆ ಇಳಿಯಿತು. 1950ರಲ್ಲಿ ತಯಾರಿಕೆ ಆರಂಭವಾಯಿತು. ವೆಸ್ಟ್‌ಫಾಲಿಯಾ ಸಂಸ್ಥೆ ಅದರೊಳಗೆ ಮಂಚವನ್ನೂ ಒಲೆಯನ್ನೂ ಕೂಡಿಸಿತು. ಎದುರುಗಾಳಿಯ ಸಮಸ್ಯೆ ಹೀಗೆ ಹಗುರವಾಯಿತು. ಅಡ್ಡಗಾಳಿಯದು ಹಾಗಾಗಲಿಲ್ಲ. ದುಂಡು ಮೂತಿಯ ಮೇಲೆ ಗಾಳಿ ಸುಲಭವಾಗಿ ಜಾರಿ ಆಚೆ ಬದಿಯ ಸೆಳೆತವನ್ನು ಹೆಚ್ಚಿಸುತ್ತದೆ. ಎಂಜಿನ್ನು ಹಿಂದಿದ್ದುದರಿಂದ ಗುರುತ್ವಕೇಂದ್ರವೂ ಹಿಂದೆ ಸರಿದಿತ್ತು. ಎದುರುಗಾಳಿಗೆ ಹಿತವಾದದ್ದೆಲ್ಲ ಅಡ್ಡಗಾಳಿಗೆ ಹಿತವಲ್ಲ.

ನನ್ನ ವ್ಯಾನಿನ ಎಂಜಿನ್ನು ಮುಂದೆಯೇ ಇತ್ತು. ತೂಕವನ್ನು ಹಿಂದಕ್ಕೆ ಒಯ್ದವನು ನಾನು.

ಸೇತುವೆ ದಾಟಿ, ಪೋರ್ಟ್ ಟಾಲ್ಬಟ್ ಊರಿನ ಬಳಿ ಹೆದ್ದಾರಿ ಬಿಟ್ಟು, ಒಂದು ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಉಕ್ಕಿನ ಕಾರ್ಖಾನೆಯ ಹೊಗೆ ಅಂದು ಮೇಲಕ್ಕೇರದೆ ಚಾಪೆಯಂತೆ ಅಡ್ಡಡ್ಡ ಹಾಸಿಕೊಂಡಿತ್ತು. ಗ್ಯಾರೇಜಿನ ಮುದುಕ ನನ್ನ ಕಥೆಯನ್ನು ಪೂರ್ತಿ ಕೇಳಲಿಲ್ಲ. ವ್ಯಾನಿನಿಂದ ಹತ್ತು ಹೆಜ್ಜೆ ದೂರ ಹೋಗಿ, ಪಕ್ಕದಿಂದ ಅದನ್ನು ನೋಡಿದ. ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. “ಹಿಂದೆ ಏನಿದೆ?” ಎಂದು ಕೇಳಿದ. ಪುಸ್ತಕಗಳು ಎಂದೆ. “ಓದಿ ಮುಗಿಸಿ ಆಮೇಲೆ ಹೊರಡಬಹುದಿತ್ತು” ಎಂದ.

ಆ ಕ್ಷಣ ನನಗೆ ನೆನಪಾದದ್ದು ಗದಗಿನ ಕಡೆಯ ನಮ್ಮ ಹಳ್ಳಿಯ ಚಕ್ಕಡಿ. ಜೋಳದ ಕಣಿಕೆ ಹೇರುವಾಗ ನಮ್ಮ ಮನೆಯ ಹಿರಿಯಾಳು ಮೇಲೆ ನಿಂತವನಿಗೆ ಕೂಗಿ ಹೇಳುತ್ತಿದ್ದ: “ಹಿಂಭಾರ ಆದ್ರ ನೊಗಾ ಮ್ಯಾಲೇಳತೈತಿ, ಮುಂಭಾರ ಆದ್ರ ಎತ್ತಿನ ಹೆಗಲು ಹೋಗತೈತಿ. ಅಚ್ಚಿನ ಮ್ಯಾಲ ಹೇರೋ ತಮ್ಮಾ.” ಶಾಲೆ ಕಾಣದ ಆ ಮನುಷ್ಯನಿಗೆ ಗೊತ್ತಿದ್ದದ್ದನ್ನು ನಾನು ಯಂತ್ರಶಾಸ್ತ್ರದ ಪದವಿ ಪಡೆದೂ ಮರೆತಿದ್ದೆ. ಲೆಕ್ಕ ಹೀಗಿದೆ. ವ್ಯಾನಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 4 ಮೀಟರು ಅಂತರ. ಹಿಂದಿನ ಅಚ್ಚಿನಿಂದ 1 ಮೀಟರು ಹಿಂದೆ ನಾನಿಟ್ಟ ಪುಸ್ತಕ 200 ಕಿಲೋ. ಹಿಂದಿನ ಅಚ್ಚಿನ ಮೇಲೆ ಬಿದ್ದ ಹೆಚ್ಚಿನ ಭಾರ 200 ಅಲ್ಲ, 250. ಆ ಐವತ್ತು ಎಲ್ಲಿಂದ ಬಂತು? ಮುಂದಿನ ಚಕ್ರಗಳನ್ನು ಅಷ್ಟರಮಟ್ಟಿಗೆ ಎತ್ತಿದ್ದರಿಂದ ಬಂತು. ದಾರಿ ತೋರಿಸಬೇಕಾದ ಚಕ್ರಗಳೇ ನೆಲದ ಮೇಲಿನ ಹಿಡಿತವನ್ನು ಸಡಿಲಿಸಿದ್ದವು. ನೊಗ ಮೇಲೆದ್ದಿತ್ತು.

ಎರಡನೆಯದಾಗಿ ಆತ ಟೈರುಗಳ ಗಾಳಿ ಅಳೆದ. ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿ ಹೇಳಿದ್ದಕ್ಕಿಂತ ಹಿಂದಿನ ಟೈರುಗಳಲ್ಲಿ 12 ಪೌಂಡು ಕಡಮೆಯಿತ್ತು. ಟೈರು ಮರದ ಗಾಲಿಯಲ್ಲ. ಅದರ ಪಕ್ಕೆ ಬಾಗುತ್ತದೆ. ಪಕ್ಕದಿಂದ ಗಾಳಿ ನೂಕಿದಾಗ ರಬ್ಬರು ನೆಲವನ್ನು ಹಿಡಿದೇ ಇರುತ್ತದೆ, ಅದರ ಮೇಲಿನ ವ್ಯಾನು ಆಚೆಗೆ ವಾಲುತ್ತದೆ. ಸ್ಟಿಯರಿಂಗು ತಿರುಗಿಸಿದರೂ ಆ ತಿರುವಿನ ಮೊದಲ ಪಾಲನ್ನು ಬಾಗುವ ರಬ್ಬರೇ ನುಂಗುತ್ತದೆ. ನಾನು ತಿರುಗಿಸಿದಾಗ ಕ್ಷಣಕಾಲ ಏನೂ ಆಗಲಿಲ್ಲ ಎಂದೆನಲ್ಲವೆ? ಆ ಕ್ಷಣ ಇಲ್ಲಿ ಅಡಗಿತ್ತು. ಹೊರಗಿನ ಗಾಳಿಗೆ ಒಳಗಿನ ಗಾಳಿಯೇ ಮೊದಲ ಮದ್ದು. ಹಾಗೆಂದು ಮಿತಿಮೀರಿ ತುಂಬಬಾರದು. ಆಗ ಟೈರು ನೆಲವನ್ನು ಮುಟ್ಟುವ ಅಗಲ ಕಡಮೆಯಾಗಿ ಹಿಡಿತ ತಗ್ಗುತ್ತದೆ. ಹೊತ್ತ ಭಾರಕ್ಕೆ ತಕ್ಕಷ್ಟು, ಟೈರು ತಣ್ಣಗಿರುವಾಗ ಅಳೆದು ತುಂಬಬೇಕು.

ಮೂರನೆಯದಾಗಿ ಎಂಜಿನ್ನು ನಿಲ್ಲಿಸದೆ, ವ್ಯಾನು ನಿಂತಲ್ಲೇ ಸ್ಟಿಯರಿಂಗನ್ನು ಅತ್ತಿತ್ತ ಮೆಲ್ಲನೆ ಆಡಿಸು ಎಂದ. ಎರಡು ಬೆರಳಗಲದಷ್ಟು ಅದು ಸುಮ್ಮನೆ ಆಡುತ್ತಿತ್ತು. ಅಷ್ಟರೊಳಗೆ ಚಕ್ರ ಅಲುಗುತ್ತಿರಲಿಲ್ಲ. ಟೈ ರಾಡಿನ ತುದಿಯ ಕೀಲು ಸವೆದಿತ್ತು. ಅದನ್ನು ಬದಲಾಯಿಸಿ, ಪೆಟ್ಟಿಗೆಗಳನ್ನು ಎರಡು ಅಚ್ಚುಗಳ ನಡುವಿನ ನೆಲಕ್ಕೆ ಸರಿಸಿ ಹಗ್ಗದಿಂದ ಬಿಗಿದು, ಮೇಲುಗಪಾಟುಗಳನ್ನು ಬರಿದುಮಾಡಿ, ಟೈರುಗಳಿಗೆ ಗಾಳಿ ತುಂಬುವಷ್ಟರಲ್ಲಿ ಕತ್ತಲಾಯಿತು. ಮತ್ತೆ ಹೆದ್ದಾರಿಗೆ ಬಂದಾಗ ಅದೇ ಗಾಳಿ, ಅದೇ ಗೋಡೆ. ಆದರೆ ವ್ಯಾನು ಬೇರೆ. ಬೀಸು ತಾಗುತ್ತಿತ್ತು, ಮೂತಿ ಅಲುಗುತ್ತಿತ್ತು, ಬೆರಳುಗಳ ಒಂದು ಸಣ್ಣ ಒತ್ತಿಗೆ ಸಾಲಿಗೆ ಮರಳುತ್ತಿತ್ತು.

ಅಂಥ ವಾಹನವುಳ್ಳವರು ಕೈಗೊಳ್ಳಬೇಕಾದ ಕ್ರಮವನ್ನು ಇದರಿಂದ ಊಹಿಸಬಹುದು. ಕಾಸು ಬೇಡದ ಕೆಲಸ ಮೊದಲು: ಭಾರವನ್ನು ಕೆಳಗೆ, ನಡುವೆ ಇಡುವುದು, ಟೈರಿನ ಗಾಳಿ ಸರಿಪಡಿಸುವುದು, ಲಾರಿಗಳನ್ನು ತೂಗುವ ವೇ ಬ್ರಿಡ್ಜಿನಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸುವುದು. ಹಿಂಬಾಗಿಲಿಗೆ ಎರಡು ಸೈಕಲ್ಲು ನೇತುಹಾಕುವ ಮುನ್ನ ಚಕ್ಕಡಿಯನ್ನು ನೆನೆಯುವುದು. ಅನಂತರ ಸವೆದ ಭಾಗಗಳು: ಟೈ ರಾಡು, ರಬ್ಬರಿನ ಬುಷ್ಷುಗಳು, ಶಾಕ್ ಅಬ್ಸಾರ್ಬರುಗಳು. ಆಮೇಲೆ ವೀಲ್ ಅಲೈನ್‌ಮೆಂಟು. ಮುಂದಿನ ಚಕ್ರಗಳು ಹೊರಮುಖವಾಗಿದ್ದರೆ ವ್ಯಾನು ಒಂದು ದಾರಿಯಲ್ಲಿ ನಿಲ್ಲದೆ ಅತ್ತಿತ್ತ ಅಲೆಯುತ್ತದೆ. ಸೈಕಲ್ಲಿನ ಮುಂಗವಲು ಓರೆಯಾಗಿರುವುದರಿಂದ ಕೈಬಿಟ್ಟರೂ ಚಕ್ರ ನೆಟ್ಟಗಾಗುತ್ತದಲ್ಲ, ಅದೇ ಬಗೆಯ ಓರೆ ವ್ಯಾನಿನ ಮುಂಚಕ್ರಗಳಿಗೂ ಇದೆ. ಅದು ಕಡಮೆಯಾದರೆ ನೆಟ್ಟಗಾಗುವ ಗುಣವೂ ಕುಂದುತ್ತದೆ.

ಇಷ್ಟಾದ ಮೇಲೆಯೇ ಹೊಸ ಸಲಕರಣೆಗಳ ಮಾತು. ಒಂದು ಬದಿ ಕುಸಿದಾಗ ಇನ್ನೊಂದು ಬದಿಯನ್ನೂ ಜತೆಗೆ ಎಳೆದು ಓಲಾಟವನ್ನು ತಗ್ಗಿಸುವ ಆಂಟಿ ರೋಲ್ ಬಾರು ಎತ್ತರದ ವ್ಯಾನಿಗೆ ನಿಜಕ್ಕೂ ಸಹಾಯಕ. ಲೀಫ್ ಸ್ಪ್ರಿಂಗಿನ ಮೇಲೆ ಕುಳಿತ ಮೈ ಹಿಂದಿನ ಅಚ್ಚಿನ ಮೇಲೆ ಅಡ್ಡಡ್ಡ ಜರುಗುವುದನ್ನು ಪ್ಯಾನ್‌ಹಾರ್ಡ್ ರಾಡು ಎಂಬ ಒಂದು ಕಂಬಿ ತಡೆಯುತ್ತದೆ. ಕುಸಿದ ಹಿಂಭಾಗವನ್ನು ಎತ್ತಲು ರಬ್ಬರಿನ ಗಾಳಿಚೀಲಗಳೂ ಇವೆ. ಆದರೆ ಅವು ಬೆನ್ನನ್ನು ಎತ್ತುತ್ತವೆಯೇ ಹೊರತು ಹಿಂಭಾರವನ್ನು ತೆಗೆಯುವುದಿಲ್ಲ. ಸ್ಟಿಯರಿಂಗು ಡ್ಯಾಂಪರು ಕೈಗೆ ಬರುವ ಅದುರನ್ನು ಹೀರುತ್ತದೆ. ಸವೆದ ಕೀಲಿರುವಲ್ಲಿ ಅದನ್ನು ಕೂಡಿಸಿದರೆ ರೋಗ ಉಳಿದು ನೋವು ಮಾತ್ರ ಮರೆಯಾಗುತ್ತದೆ. 2013ರಲ್ಲಿ ಮರ್ಸಿಡಿಸ್ ಸಂಸ್ಥೆ ತನ್ನ ಸ್ಪ್ರಿಂಟರ್ ವ್ಯಾನಿಗೆ ಅಡ್ಡಗಾಳಿಯನ್ನು ತಾನೇ ಗುರುತಿಸುವ ಒಂದು ವ್ಯವಸ್ಥೆ ಕೂಡಿಸಿತು. ಬೀಸು ತಾಗಿದೊಡನೆ ಅದು ಗಾಳಿ ಬರುವ ಬದಿಯ ಚಕ್ರಗಳಿಗೆ ತುಸು ಬ್ರೇಕು ಹಾಕಿ ಮೂತಿಯನ್ನು ಮರಳಿಸುತ್ತದೆ. ಒಳ್ಳೆಯದೇ, ಆದರೆ ಟೈರಿಗೆ ಗಾಳಿ ತುಂಬುವ ಕೆಲಸವನ್ನು ಅದೂ ಮಾಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಔಷಧ ಚಾಲಕನ ಬಲಗಾಲಿನಲ್ಲಿದೆ. ಬ್ರಿಟನ್ನಿನ ಹೆದ್ದಾರಿಯಲ್ಲಿ ಒಂದು ಸಾಲಿನ ಅಗಲ 3.65 ಮೀಟರು. 2.2 ಮೀಟರು ಅಗಲದ ವ್ಯಾನು ಅದರ ನಡುವೆ ಹೋದರೆ ಒಂದೊಂದು ಬದಿಗೂ ಉಳಿಯುವುದು ಸುಮಾರು 70 ಸೆಂಟಿಮೀಟರು. ಮೂತಿ ಎರಡೇ ಡಿಗ್ರಿ ತಿರುಗಿತು, ಚಾಲಕ ಎಚ್ಚೆತ್ತು ಸರಿಪಡಿಸಲು ಒಂದು ಸೆಕೆಂಡು ಬೇಕಾಯಿತು ಎನ್ನೋಣ. ಗಂಟೆಗೆ 80 ಕಿಲೋಮೀಟರು ವೇಗವಿದ್ದರೆ ಅಷ್ಟರಲ್ಲಿ ವ್ಯಾನು 22 ಮೀಟರು ಮುಂದೆ ಹೋಗಿ 77 ಸೆಂಟಿಮೀಟರು ಪಕ್ಕಕ್ಕೆ ಸರಿದಿರುತ್ತದೆ, ಸಾಲಿನಿಂದ ಹೊರಗೆ. ವೇಗ 60 ಇದ್ದರೆ 17 ಮೀಟರು ಮುಂದೆ, 60 ಸೆಂಟಿಮೀಟರು ಪಕ್ಕಕ್ಕೆ, ಸಾಲಿನೊಳಗೆ. ಅದೂ ಅಲ್ಲದೆ ವೇಗ ತಗ್ಗಿದಷ್ಟೂ ಗಾಳಿಯ ನೂಕೂ ತಗ್ಗುತ್ತದೆ, ಏಕೆಂದರೆ ನಮ್ಮ ಓಟವೂ ಆ ಗಾಳಿಯ ಒಂದು ಪಾಲು. ಇಪ್ಪತ್ತು ಕಿಲೋಮೀಟರು ವೇಗ ಬಿಟ್ಟುಕೊಟ್ಟರೆ ದೊರೆಯುವ ಲಾಭ ಇದು.

ಉಳಿದದ್ದು ಕಣ್ಣು ಮತ್ತು ಕೈ. ಎಡೆಬಿಡದೆ ಬೀಸುವ ಗಾಳಿ ಅಷ್ಟು ಕೆಟ್ಟದ್ದಲ್ಲ, ಕೈ ಅದಕ್ಕೆ ಒಗ್ಗುತ್ತದೆ. ಕೆಟ್ಟದ್ದು ಬದಲಾವಣೆ: ಮರಗಳ ಸಾಲು ಮುಗಿಯುವ ಕಡೆ, ಗುಡ್ಡ ಕಡಿದು ಮಾಡಿದ ದಾರಿ ಬಯಲಿಗೆ ಬಾಯ್ದೆರೆಯುವ ಕಡೆ, ಸೇತುವೆಯ ಎರಡು ತುದಿ. ದೊಡ್ಡ ಲಾರಿ ಹಿಂದಿಕ್ಕಿ ಹೋಗುವಾಗ ಮೊದಲು ಆಚೆಗೆ ನೂಕುತ್ತದೆ, ಆಮೇಲೆ ತನ್ನೆಡೆಗೆ ಸೆಳೆಯುತ್ತದೆ. ಇವುಗಳನ್ನು ಮುಂಚಿತವಾಗಿ ಕಂಡು ಎರಡು ಕೈಯಲ್ಲೂ ಸ್ಟಿಯರಿಂಗು ಹಿಡಿದಿರಬೇಕು, ಹಿಸುಕಬಾರದು. ಬೀಸಿಗೆ ಉತ್ತರ ಸಣ್ಣದಾಗಿರಬೇಕು, ಏಕೆಂದರೆ ಬೀಸು ನಿಂತ ಮರುಕ್ಷಣ ನಮ್ಮ ಉತ್ತರವೇ ನಮ್ಮನ್ನು ಆಚೆಗೆ ಒಯ್ಯುತ್ತದೆ. ಬ್ರಿಟನ್ ಫೆರಿ ಸೇತುವೆಯ ಮೇಲೆ ನನ್ನನ್ನು ಎಡಕ್ಕೆ ನೂಕಿದ್ದು ಗಾಳಿ. ಬಲಕ್ಕೆ, ಲಾರಿಯ ಮುಂದಕ್ಕೆ, ನೂಕಿದವನು ನಾನೇ.

ಆ ರಾತ್ರಿ ಸೆವರ್ನ್ ನದಿ ದಾಟಬೇಕಾಗಿತ್ತು. ಅಲ್ಲಿ ಎರಡು ಸೇತುವೆಗಳಿವೆ. 1966ರ ತೂಗುಸೇತುವೆ ಬಹಳ ಸುಂದರ, 988 ಮೀಟರಿನ ಒಂದೇ ಹರವು, ಆದರೆ ಬಯಲು. ಜೋರು ಗಾಳಿಯಿದ್ದಾಗ ಎತ್ತರದ ವಾಹನಗಳಿಗೆ ಅದನ್ನು ಮುಚ್ಚುತ್ತಾರೆ. 1996ರ ಎರಡನೆಯ ಸೇತುವೆಗೆ ಉದ್ದಕ್ಕೂ ಎರಡು ಅಂಚಿನಲ್ಲಿ ಆಳೆತ್ತರವನ್ನು ಮೀರಿದ ಗಾಳಿತಡೆಗಳಿವೆ. ಅವು ಗಾಳಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಸೋಸುತ್ತವೆ. ಹಳೆಯದು ಅಂದು ನಮ್ಮಂಥವರಿಗೆ ಮುಚ್ಚಿತ್ತು, ಹೊಸದು ತೆರೆದಿತ್ತು. ವ್ಯಾನು ಈಗ ಸರಿಯಾಗಿತ್ತಲ್ಲ, ಹೋಗಿಬಿಡೋಣವೆಂದೆ. ನನ್ನ ಹೆಂಡತಿ ಆಗ ಬಾಯಿ ತೆರೆದಳು: “ಈ ಪುಸ್ತಕಗಳು ಮೂವತ್ತು ವರ್ಷ ಕಾದಿವೆ. ಒಂದು ರಾತ್ರಿ ಕಾದರೆ ಏನೂ ಆಗುವುದಿಲ್ಲ.” ಮೇಗರ್ ಎಂಬಲ್ಲಿ ಹೆದ್ದಾರಿಯ ತಂಗುದಾಣಕ್ಕೆ ಹೊರಳಿ, ದೊಡ್ಡ ಲಾರಿಗಳ ಮರೆಯಲ್ಲಿ, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿದೆವು. ಮನೆ ರಾತ್ರಿಯಿಡೀ ತೊಟ್ಟಿಲಿನಂತೆ ತೂಗಿತು. ನೆಲಕ್ಕೆ ಬಿದ್ದಿದ್ದ ಕಟ್ಟನ್ನು ಬಿಚ್ಚಿ ಹಳೆಯ ಸಂಚಿಕೆಗಳನ್ನು ಓದುತ್ತ ಕುಳಿತೆವು. ಮಿತ್ರರು ಅಂಚಿನಲ್ಲಿ ಪೆನ್ಸಿಲಿನಿಂದ ಅಲ್ಲಲ್ಲಿ ಗೆರೆ ಎಳೆದಿದ್ದರು.

ಬೆಳಿಗ್ಗೆ ಗಾಳಿ ಇಳಿದಿತ್ತು. ಗಂಟೆಗೆ 60 ಕಿಲೋಮೀಟರಿನಲ್ಲಿ ಸೇತುವೆ ದಾಟಿದೆವು. ಎಂಟು ಪೆಟ್ಟಿಗೆಯೂ ಕ್ಷೇಮವಾಗಿ ಮನೆ ಸೇರಿದವು; ಅವುಗಳನ್ನು ಹೊತ್ತವರೂ ಸೇರಿದರು.

(ಬಾನುಲಿ ಭಾಷಣ)